ನೀಲಿ ನೊಣ ಯಾತಕ್ಕೆ ಬಂತು

ಮುಂಬೈ ಬೊರಿವಲಿಯ ಆ ಬಿಲ್ಡಿಂಗಿನಲ್ಲಿ ಮಾಧುರಿಗೆ ‘ಮಕ್ಖಿವಾಲಿ ಆಂಟಿ’, ಅಂದರೆ ನೊಣದ ಆಂಟಿ, ಎಂದೇ ಹೆಸರು. ಹೆಸರಿಟ್ಟವರಿಗೆ ತಮಾಷೆ, ಆಕೆಗೆ ಒಳಗೊಳಗೇ ಹೆಮ್ಮೆ. ಐವತ್ತೈದು ದಾಟಿದ ಮೇಲೆ ಓರಗೆಯ ಹೆಂಗಸರು ಭಜನೆ, ಕಿಟಿ ಪಾರ್ಟಿ ಎಂದು ಸೇರುತ್ತಿದ್ದರೆ ಈಕೆ ನ್ಯಾಷನಲ್ ಪಾರ್ಕಿಗೆ ವಾಕಿಂಗ್ ಹೋಗಿ ನೊಣದ ಫೋಟೋ ಹೊಡೆದುಕೊಂಡು ಬರುವಳು. ಅದೂ ಎಲ್ಲ ನೊಣ ಅಲ್ಲ, ಲೋಹದ ಹಾಗೆ ಮಿರಮಿರ ಮಿಂಚುವ ನೀಲಿ ನೊಣ. ಮಿಂಚುವುದೆಲ್ಲ ಒಂದೇ ಜಾತಿ ಎಂದು ತಿಳಿದಿದ್ದಳು, ಪಾಪ.

ಹುಳಹುಪ್ಪಟೆಯ ಫೋಟೋ ಹಾಕುವ ಅವಳ ವಾಟ್ಸಾಪ್ ಗುಂಪಿನಲ್ಲಿ ಸುಕೇಶ್ ಎಂಬ ಪ್ರಾಣಿಶಾಸ್ತ್ರದ ಕಾಲೇಜು ಮೇಷ್ಟ್ರಿದ್ದ, ಮಂಗಳೂರು ಕಡೆಯವನು. ಫೋಟೋ ನೋಡಿ ನೋಡಿ ಸಾಕಾಗಿ ಒಮ್ಮೆ ಫೋನೇ ಮಾಡಿದ.

“ಆಂಟಿ, ಕಲರ್ ನೋಡಿ ಮೋಸ ಹೋಗ್ಬೇಡಿ. ನೀಲಿ ನೊಣದಲ್ಲಿ ಬೇಕಾದಷ್ಟು ಜಾತಿ ಉಂಟು. ಅದು ಎಲ್ಲಿ ಕೂತದ್ದು, ಯಾತಕ್ಕೆ ಬಂದದ್ದು, ಮೊದಲು ಅದನ್ನು ನೋಡಿ.”

ಅಂದಿನಿಂದ ಅವಳ ಕಣ್ಣು ಪಳಗಿತು. ಎಲೆಯ ಮೇಲೆ ಉದ್ದ ಕಾಲೂರಿ ನಿಂತು ಸಣ್ಣಪುಟ್ಟ ಹುಳ ಹಿಡಿಯುವುದು ಒಂದು. ದಪ್ಪ ಮೈಯ, ಕೆಂಪು ಕಣ್ಣಿನದು ಇನ್ನೊಂದು. ಇದು ಸಿಹಿಗೂ ಬರುತ್ತದೆ, ಆದರೆ ಇದರ ಜೀವವೆಲ್ಲ ಕೊಳೆತ ಮಾಂಸದ ಮೇಲೆ. ಪೊದೆಯಲ್ಲಿ ಸತ್ತ ನಾಯಿಯನ್ನು ಮನುಷ್ಯರಿಗಿಂತ ಮೊದಲು ಇದೇ ಹುಡುಕುತ್ತದೆ.

ಇತ್ತ ಗಂಡ ಶಿವಪುತ್ರಪ್ಪ. ಬೈಕುಲ್ಲಾದಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡಿ ಮಾಡಿ ಮಾತನ್ನೂ ಅಷ್ಟೇ ಖಾರ ಮಾಡಿಕೊಂಡವನು. ಮೈತುಂಬ ಸಕ್ಕರೆ ಕಾಯಿಲೆ. ಚಪ್ಪಲಿ ಕಚ್ಚಿ ಪಾದದಲ್ಲಿ ಗಾಯವಾಗಿ ತಿಂಗಳ ಮೇಲಾಗಿತ್ತು. ಬಾಗಿಲು ಹಾಕಿಕೊಂಡು ತಾನೇ ಪಟ್ಟಿ ಕಟ್ಟಿಕೊಳ್ಳುವನು. ಬಿಚ್ಚಿ ತೋರಿಸಿ ಎಂದರೆ ಉರಿದು ಬೀಳುವನು. ಇಂಥದೇ ಗಾಯಕ್ಕೆ ಅವನ ಅಣ್ಣ ಕಾಶಪ್ಪನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಆ ಹೆದರಿಕೆ ಒಳಗೆ ಕೂತುಬಿಟ್ಟಿತ್ತು.

“ನೋವಿಲ್ಲ ಅಂದ್ರ ಮಾಯಾಕತ್ತದ ಅಂತ ಅರ್ಥ. ಸುಮ್ನಿರು ನೀ.”

ಸಕ್ಕರೆ ಕಾಯಿಲೆಗೆ ನರ ಸತ್ತ ಕಾಲಿನಲ್ಲಿ ನೋವಿಲ್ಲದ್ದೇ ಕೆಟ್ಟದ್ದು ಎಂದು ಮಾಧುರಿಗೆ ಗೊತ್ತಿತ್ತು. ಹೇಳಿದಳು, ಅತ್ತಳು, ಊಟ ಬಿಟ್ಟಳು. ಗೋಡೆಗೆ ಹೇಳಿದಂತಾಯಿತು. ಎತ್ತಿಕೊಂಡು ಆಸ್ಪತ್ರೆಗೆ ಹೋಗಲು ಅವನೇನು ಕೂಸೇ?

ಮೇ ತಿಂಗಳ ಒಂದು ಮಧ್ಯಾಹ್ನ. ಅವನು ಸೋಫಾದ ಮೇಲೆ ಕಾಲು ಚಾಚಿ ಟಿ.ವಿ. ನೋಡುತ್ತಿದ್ದ. ಅವಳು ಆಪೂಸು ಮಾವಿನಹಣ್ಣು ಹೆಚ್ಚಿ ತಟ್ಟೆಯಲ್ಲಿ ಇಟ್ಟಿದ್ದಳು. ತೆರೆದ ಕಿಟಕಿಯಿಂದ ನೊಣವೊಂದು ಒಳಬಂತು. ನೀಲಿ! ಅವಳ ಕೈ ತಾನಾಗಿ ಫೋನಿಗೆ ಹೋಯಿತು. ದಪ್ಪ ಮೈ, ಕೆಂಪು ಕಣ್ಣು. ಹಣ್ಣಿನ ವಾಸನೆಗೆ ಬಂದಿದೆ, ಇನ್ನೇನು, ಎಂದುಕೊಂಡಳು.

ನೊಣ ತಟ್ಟೆಯ ಮೇಲೆ ಒಂದು ಸುತ್ತು ಹಾಕಿತು. ಕೂರಲಿಲ್ಲ. ನೆಟ್ಟಗೆ ಹೋಗಿ ಗಂಡನ ಪಾದದ ಪಟ್ಟಿಯ ಮೇಲೆ ಇಳಿಯಿತು.

ಸೆರಗಿನಿಂದ ಓಡಿಸಿದಳು. ಮತ್ತೆ ಬಂತು. ತಟ್ಟೆಯನ್ನೇ ಎತ್ತಿ ಅವನ ಪಾದದ ಪಕ್ಕ ಇಟ್ಟಳು. ಇದನ್ನು ತಿನ್ನು, ನಿನಗೆ ಕೈ ಮುಗಿಯುತ್ತೇನೆ, ಇದನ್ನು ತಿನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನೊಣ ಹಣ್ಣಿನತ್ತ ತಿರುಗಿಯೂ ನೋಡಲಿಲ್ಲ.

ಶಿವಪುತ್ರಪ್ಪ ನಕ್ಕ. “ಫೋಟೋ ಹೊಡ್ಕೋ ಮತ್ತ. ಯಾವ ಜಾತಿದು ಅಂತ ಆ ಮಾಸ್ತರನ್ನ ಕೇಳು.”

“ರೀ,” ಎಂದಳು ಮಾಧುರಿ, “ಅದು ಹಣ್ಣಿಗೆ ಬಂದಿಲ್ರೀ.”

ಅವನ ನಗು ನಿಂತಿತು. ಪಟ್ಟಿಯನ್ನು ನೋಡಿದ. ಆಮೇಲೆ ಸೋಫಾದ ಚಾದರ ಎಳೆದು ಕಾಲಿನ ಮೇಲೆ ಹೊದ್ದುಕೊಂಡ.

“ಕಿಡಕಿ ಹಾಕು,” ಎಂದ.

ಅವಳು ಎದ್ದು ಹೋಗಿ ಕಿಟಕಿ ಹಾಕಿದಳು. ನೊಣ ಒಳಗೇ ಇತ್ತು.