ಸಲಿಗೆ ಎಂಬ ಪದ

ಸಿದ್ದಾಪುರದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದ ಅಕ್ಕೋರು ಯಾರನ್ನೂ ಗದರಿಸಿದವರಲ್ಲ. ಬಿಳಗಿಯ ಬಸ್ಸು ತಪ್ಪಿ ನಾನು ತಡವಾಗಿ ಹೋದರೆ, ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಾ, "ಅಡ್ಡಿಲ್ಲೆ ಕೂಸೇ, ಒಳಗೆ ಬಾ" ಎಂದು ತಮ್ಮ ಮನೆಮಾತಿನಲ್ಲೇ ಕರೆಯುತ್ತಿದ್ದರು.

ಒಮ್ಮೆ 'ಸಲಿಗೆ' ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿದರು. ಗೆಳತಿಯರನ್ನು ನಗಿಸುವ ಹುಮ್ಮಸ್ಸಿನಲ್ಲಿ ನಾನು ಎದ್ದು ನಿಂತು ಓದಿದೆ: "ಅಕ್ಕೋರು ಸಲಿಗೆ ಕೊಟ್ಟಿದ್ದರಿಂದ ನಮಗೆ ಅವರ ಹೆದರಿಕೆಯೇ ಇಲ್ಲ."

ಇಡೀ ತರಗತಿ ನಕ್ಕಿತು. ಅವರೂ ನಗಲು ನೋಡಿದರು, ಆಗಲಿಲ್ಲ. ನನ್ನ ನೋಟ್‌ಬುಕ್ ತೆಗೆದುಕೊಂಡು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, "ವಾಕ್ಯ ಸರಿ ಇದ್ದು" ಎಂದರು.

ಮರುದಿನ ಕ್ಷಮೆ ಕೇಳಲು ಸ್ಟಾಫ್‌ರೂಮಿನ ಬಾಗಿಲವರೆಗೆ ಹೋದವಳು ನಾಚಿಕೆಯಾಗಿ ತಿರುಗಿ ಬಂದೆ. ಆಮೇಲೂ ಅವರು ನನ್ನನ್ನು ಗದರಿಸಲಿಲ್ಲ. ಆದರೆ ಹತ್ತನೇ ತರಗತಿ ಮುಗಿಯುವವರೆಗೂ ನನ್ನೊಬ್ಬಳನ್ನು ಮಾತ್ರ 'ನೀವು' ಎಂದೇ ಮಾತಾಡಿಸಿದರು.