ಅಂಟಿದರೆ ಪಾಸು

ಮಾಲ್‌ಸುನ್ ಅಕ್ಕನಿಗೆ ಅವರಪ್ಪ ಆ ಹೆಸರಿಟ್ಟದ್ದು 'ಇದೇ ಕೊನೇ ಹೆಣ್ಣು, ಇನ್ನು ಸಾಕು' ಎಂಬ ಅರ್ಥದಲ್ಲಿ. ಆದರೆ ನಮ್ಮ ಕೊರಿಯನ್ ಭಾಷೆಯಲ್ಲಿ 'ಮಾಲ್' ಅಂದರೆ ಮಾತು ಅಂತಲೂ ಆಗುತ್ತದೆ. ದೇಗು ಊರಿನಲ್ಲಿ ಅವರನ್ನು ಬಲ್ಲವರೆಲ್ಲ ಎರಡನೇ ಅರ್ಥವನ್ನೇ ಹಿಡಿದುಕೊಂಡಿದ್ದಾರೆ.

ನೂಡಲ್ ಅಂಗಡಿಯ ಮೇಲಿನ ಪುಟ್ಟ ಲ್ಯಾಬ್‌ನಲ್ಲಿ ಅಕ್ಕ ಮೂವತ್ತೊಂದು ವರ್ಷದಿಂದ ಹಲ್ಲಿನ ಸೆರಾಮಿಕ್ ಕ್ಯಾಪ್ ಮಾಡುತ್ತಿದ್ದಾರೆ. ನಾನು ಹನ್ನೆರಡು ವರ್ಷದಿಂದ ಪಕ್ಕದ ಮೇಜಿನಲ್ಲಿ ಕೂತು ಆ ಕ್ಯಾಪ್‌ಗಳನ್ನು ಉಜ್ಜಿ ನುಣುಪು ಮಾಡುತ್ತೇನೆ, ಬೈಗುಳ ತಿನ್ನುತ್ತೇನೆ. ಯಾರದೋ ಬಾಯಿಯ ಹಿಂದಿನ ಮೂಲೆಗೆ ಹೋಗುವ ದವಡೆ ಹಲ್ಲಿಗೂ ಅಕ್ಕ ನಾಲ್ಕು ಸಲ ಬಣ್ಣ ಬಳಿದು ಸುಡುತ್ತಾರೆ. ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದರೆ, "ಆಕಳಿಸ್ದಾಗ ಎದುರಿಗಿರೋರು ನೋಡಲ್ವೇನೇ?" ಎನ್ನುತ್ತಾರೆ.

ಕಳೆದ ನವೆಂಬರ್‌ನಲ್ಲಿ ಮೇಂಗ್ ಡಾಕ್ಟರ ಕ್ಲಿನಿಕ್ಕಿನಿಂದ ಮೂರು ಒಡೆದ ಕ್ಯಾಪ್‌ಗಳು ಒಂದು ಲಕೋಟೆಯಲ್ಲಿ ವಾಪಸ್ ಬಂದವು. ಜೊತೆಗೊಂದು ಚೀಟಿ: 'ಕೆಲಸ ಸರಿಯಿಲ್ಲ.' ಅದು ಕಾಲೇಜು ಪ್ರವೇಶ ಪರೀಕ್ಷೆಯ ಕಾಲ. ನಮ್ಮಲ್ಲಿ 'ಅಂಟು' ಎನ್ನುವುದಕ್ಕೂ 'ಪಾಸಾಗು' ಎನ್ನುವುದಕ್ಕೂ ಒಂದೇ ಮಾತಾದ್ದರಿಂದ ಪರೀಕ್ಷೆಗೆ ಕೂರುವ ಮಕ್ಕಳಿಗೆ ಯೊತ್ ಎಂಬ ಅಕ್ಕಿಯ ಅಂಟು ಮಿಠಾಯಿ ತಿನ್ನಿಸುತ್ತೇವೆ. ಮಕ್ಕಳಿಗೆಂದು ತಂದದ್ದನ್ನು ತಾಯಂದಿರೂ ಕಡಿದಿದ್ದರು. ಮೂವರ ಕ್ಯಾಪೂ ಒಡೆದಿತ್ತು.

ಅಕ್ಕ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಒಳಮೈ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ; ಅಂಟಿನ ಗುರುತೇ ಇಲ್ಲ. ಅಕ್ಕ ಅಲ್ಲಿಂದಲೇ ಫೋನ್ ಹಚ್ಚಿದರು.

"ಡಾಕ್ಟ್ರೇ, ಮರಳಿನ ಮೇಲೆ ಸುಮ್ನೆ ಇಟ್ಟ ಟೈಲ್ಸ್ ಮೇಲೆ ಕಾಲಿಟ್ರೆ ಏನಾಗತ್ತೆ?"

"ಒಡೆಯತ್ತೆ."

"ನೆಲಕ್ಕೆ ಪೂರ್ತಿ ಅಂಟ್ಸಿದ್ರೆ?"

"ಬೀರು ಇಟ್ರೂ ಏನಾಗಲ್ಲ. ಮಾಲ್‌ಸುನ್ ಅವ್ರೇ, ನನಗೆ ರೋಗಿಗಳಿದಾರೆ..."

"ನನ್ನ ಕ್ಯಾಪೂ ಹಂಗೇ! ಒಳಗಡೆ ಆಸಿಡ್ ಹಚ್ಚಿ, ತೊಳ್ದು, ಒಣಗ್ಸಿ, ರೆಸಿನ್ ಅಂಟು ಹಾಕಿದ್ರೆ ಹಲ್ಲೂ ಕ್ಯಾಪೂ ಒಂದೇ ಆಗತ್ತೆ. ನೀವು ನಿಮ್ಮಜ್ಜನ ಕಾಲದ ಪೇಸ್ಟ್ ಮೆತ್ತಿ ಕಳಿಸಿದೀರ!"

ಡಾಕ್ಟರೂ ಬಿಡಲಿಲ್ಲ. ಯೊತ್‌ಗೆ ತಡೆಯುವ ಕ್ಯಾಪ್ ಮಾಡಲಾಗದಿದ್ದರೆ ಮುಂದಿನ ತಿಂಗಳಿಂದ ಕೆಲಸವೆಲ್ಲ ಸಿಯೋಲ್‌ನ ಮಷೀನು ಲ್ಯಾಬಿಗೆ ಹೋಗುತ್ತದೆ ಎಂದರು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅವರದೇ. ಅಕ್ಕನಿಗೆ ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ ಚೀಟಿ. 'ಕೆಲಸ ಸರಿಯಿಲ್ಲ' ಎಂದು ಅವರಿಗೆ ಯಾರೂ ಬರೆದಿರಲಿಲ್ಲ. ಅವತ್ತು ಮಧ್ಯಾಹ್ನ ಅವರು ಊಟ ಬಿಟ್ಟರು. ಅಕ್ಕ ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಭಯವಾಯಿತು.

ಅಕ್ಕನ ಎಡ ದವಡೆಯ ಒಂದು ಹಲ್ಲು ಹೇಗೂ ಹುಳುಕಾಗಿತ್ತು. ಅದಕ್ಕೆ ತಾವೇ ಕ್ಯಾಪ್ ಮಾಡಿಕೊಂಡರು. ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿ, ಅಂಟಿಸುವ ಒಂದೊಂದು ಹಂತವನ್ನೂ ಕೈಸನ್ನೆಯಲ್ಲೇ ಹೇಳಿ ಮಾಡಿಸಿದರು. ಎಂಜಲು ತಾಗಿತೆಂದು ಎರಡು ಸಲ ಮೊದಲಿಂದ ಶುರುಮಾಡಿಸಿದರು. ವಾರ ಬಿಟ್ಟು ಯೊತ್ ಕಡಿಯುವುದು ಎಂದು ನಿಶ್ಚಯವಾಯಿತು.

ಆ ದಿನ ಡಾಕ್ಟರ ಹುಟ್ಟಿದಹಬ್ಬ. ಬೆಳಿಗ್ಗೆ ಅವರ ಹೆಂಡತಿ ಪದ್ಧತಿಯಂತೆ ಕಡಲಪಾಚಿಯ ಸಾರು ಮಾಡಿ ಬಡಿಸಿದ್ದರು. ಲೋಳೆಲೋಳೆ ಸಾರು. ಪರೀಕ್ಷೆಯ ದಿನ ಅದನ್ನು ತಿಂದವರು ಜಾರಿಬೀಳುತ್ತಾರೆ ಎಂದು ನಮ್ಮಲ್ಲಿ ಯಾವ ತಾಯಿಯೂ ಆವತ್ತು ಆ ಪಾತ್ರೆ ಒಲೆಗಿಡುವುದಿಲ್ಲ.

"ಪಾಚಿ ಸಾರು ಕುಡ್ದ್ರಾ?" ಅಕ್ಕ ಮೂಗರಳಿಸಿದರು. "ಹೋಯ್ತು ಬಿಡಿ ನಿಮ್ಮ ಕಥೆ."

"ಪರೀಕ್ಷೆ ನಿಮ್ಮದು, ನಂದಲ್ಲ," ಎಂದರು ಡಾಕ್ಟರು. ಆದರೂ ಮುಖ ಸಣ್ಣದಾಯಿತು.

ಕ್ಲಿನಿಕ್ಕಿನ ಫ್ರಿಜ್ಜಿನಿಂದ ಬಂದ ಯೊತ್ ಕಲ್ಲಾಗಿತ್ತು. ಅಕ್ಕ ಒಂದನ್ನು ಎಡಗಡೆ ಇಟ್ಟು ಕಟಮ್ಮೆಂದು ಕಡಿದರು. ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಕ್ಯಾಪಿನಲ್ಲಿ ಒಂದು ಗೀರೂ ಇಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರು ಮಾಲ್‌ಸುನ್ ಅಕ್ಕ ಹೇಗಾಗುತ್ತಾರೆ? ಇನ್ನೆರಡನ್ನು ಒಟ್ಟಿಗೇ ಬಾಯಿಗೆ ತುಂಬಿ ಕಟಕಟ ಕಡಿದರು. ಆಮೇಲೆ ಸೊಂಟಕ್ಕೆ ಕೈಕೊಟ್ಟು, ವಾರವಿಡೀ ನನ್ನೆದುರು ಅಭ್ಯಾಸ ಮಾಡಿದ್ದ ಬೈಗುಳ ಶುರುಮಾಡಲು ಹೊರಟರು.

ಬಾಯಿ ತೆರೆಯಲಿಲ್ಲ. ಬಾಯಿಯ ಬಿಸಿಗೆ ಯೊತ್ ಕರಗಿ ಮೇಲಿನ ದವಡೆಗೂ ಕೆಳಗಿನದಕ್ಕೂ ಬೆಸುಗೆ ಹಾಕಿತ್ತು.

ಅಕ್ಕ ಕಣ್ಣು ಕೆಂಪಗೆ ಮಾಡಿಕೊಂಡು ನಿಂತರು. ಡಾಕ್ಟರು ಬೈಗುಳಕ್ಕೆ ಕಾದರು. ಬರಲಿಲ್ಲ.

"ಮಾತೂ ಆಡದಷ್ಟು ಕೋಪಾನಾ?" ಎಂದು ತೊದಲಿದರು. ಅಕ್ಕ ತಡೆಯಿರಿ ಎಂದು ಕೈಯಾಡಿಸಿದರು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

"ಸರಿ, ತಪ್ಪು ನಂದೇ. ಆಸಿಡ್ಡು, ತೊಳಿಯೋದು, ಒಣಗ್ಸೋದು, ಯಾರಿಗೆ ಬೇಕು ಅಂತ ಹಳೇ ಪೇಸ್ಟೇ ಮೆತ್ತಿದೆ."

ಅಕ್ಕ ಇನ್ನೂ ಜೋರಾಗಿ ಕೈಯಾಡಿಸಿದರು.

"ಆಯ್ತಪ್ಪಾ, ಹೋದ್ವರ್ಷ ಒಬ್ಬ ಮಾಂಸದಂಗಡಿಯವನ ಕ್ಯಾಪೂ ಹಂಗೇ ಒಡೆದಿದ್ದು! ನಿಮಗೆ ಹೇಳಿರ್ಲಿಲ್ಲ. ಇನ್ಮೇಲೆ ನೀವು ಹೇಳ್ದಂಗೇ ಅಂಟಿಸ್ತೀನಿ." ಹೀಗೆಂದು ಸೊಂಟ ಬಗ್ಗಿಸಿ ನಮಸ್ಕರಿಸಿಯೂ ಬಿಟ್ಟರು. ಅಕ್ಕನೂ ಬಗ್ಗಬೇಕಾಯಿತು.

ಮೆಟ್ಟಿಲಿಳಿಯುವಾಗ ಯೊತ್ ಬಿಟ್ಟುಕೊಂಡಿತು. ನನಗಂತೂ ನಗು ತಡೆಯಲಾಗುತ್ತಿರಲಿಲ್ಲ. "ಅಕ್ಕಾ, ಈಗ್ಲಾದ್ರೂ ಹೋಗಿ ಬಯ್ದು ಬನ್ನಿ," ಎಂದೆ.

ಅಕ್ಕ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಇಷ್ಟು ವರ್ಷ ಬಯ್ದಿದೀನಿ, ಒಂದ್ಸಲಾನೂ ತಪ್ಪಾಯ್ತು ಅಂದಿರ್ಲಿಲ್ಲ ಕಣೇ. ನಾನು ಬಾಯಿ ಮುಚ್ಚಿದ್ದೇ ಇವತ್ತು." ಕಣ್ಣಲ್ಲಿ ನೀರು ಬಂತು. ನಾಲಿಗೆಯಿಂದ ಎಡಗಡೆಯ ಕ್ಯಾಪನ್ನು ಒತ್ತಿ ನೋಡಿಕೊಂಡರು.

"ಅಲ್ಲಾಡ್ತಾನೇ ಇಲ್ಲ," ಎಂದು ಮತ್ತೆ ಅತ್ತರು.