ಒಟಿಪಿ ಕೊಡುವುದಿಲ್ಲ

ಹೋದ ಮಂಗಳವಾರ ನಾನು ಒಂದು ಸರ್ಕಾರಿ ಕಚೇರಿಯನ್ನು ಫೇಲ್ ಮಾಡಿದೆ. ಪಶ್ಚಾತ್ತಾಪವಿಲ್ಲ.

ಚೆನ್ನೈನ ಅಣ್ಣಾ ನಗರ್‌ನ ನಮ್ಮ ಬೀದಿಯಲ್ಲಿ ಮಳೆನೀರಿನ ಚರಂಡಿಯ ಸ್ಲ್ಯಾಬ್ ಒಂದು ಒಡೆದಿತ್ತು. ಕಾರ್ಪೊರೇಷನ್ ಆ್ಯಪ್‌ನಲ್ಲಿ ದೂರು ಕೊಟ್ಟೆ. ಕೆಲಸ ಮುಗಿದ ಮೇಲೆ ದೂರು ಕೊಟ್ಟವರ ಫೋನಿಗೆ ಒಟಿಪಿ ಬರುತ್ತದೆ. ಅದನ್ನು ನಾವು ಹೇಳಿದರೆ ಮಾತ್ರ ದೂರು ಮುಗಿದಂತೆ. ಒಳ್ಳೆಯ ವ್ಯವಸ್ಥೆ. ಯಾರದೋ ತಲೆ ಓಡಿದೆ.

ದೂರು ಮುಗಿಯಿತು. ಗುಂಡಿ ಹಾಗೇ ಉಳಿಯಿತು. ಇಸ್ತ್ರಿ ಗಾಡಿಯ ಸೆಲ್ವಿ ಅದರೊಳಗೆ ಬಿದ್ದು ಕಾಲು ಮುರಿದುಕೊಂಡಳು.

ನನ್ನನ್ನು ಕೇಳದೆಯೇ ದೂರು ಮುಗಿಸಿದರು ಎಂದು ಬೀದಿಯಲ್ಲೆಲ್ಲ ಕೂಗಾಡಿದೆ. ಆಮೇಲೆ ಯಾಕೋ ಅನುಮಾನ. ಡೈರಿ ತೆಗೆದೆ. ನನ್ನದೇ ಅಕ್ಷರ: 'ಎಂಜಿನಿಯರ್ ಫೋನ್. ಹೊಸೂರು ಕಡೆಯವರಂತೆ. ಎಷ್ಟು ಚೆಂದದ ಕನ್ನಡ! ಒಟಿಪಿ ಕೊಟ್ಟೆ.'

ಚೆನ್ನೈನಲ್ಲಿ ಸರ್ಕಾರಿ ಫೋನೊಂದು "ಚೆನ್ನಾಗಿದ್ದೀರಾ ಅಕ್ಕಾ?" ಎಂದರೆ ನಮ್ಮಂಥವರು ಕರಗದೇ ಇರುತ್ತೇವೆಯೇ? (ಊಟಕ್ಕೂ ಕರೆದಿರಬೇಕು. ಡೈರಿಯಲ್ಲಿಲ್ಲ, ಆದರೆ ನನ್ನನ್ನು ನಾನು ಬಲ್ಲೆ.)

ಸೆಲ್ವಿಯ ಮನೆಗೆ ಹೋಗಿ ಒಪ್ಪಿಕೊಂಡೆ. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದಳು. "ನೀಂಗಳುಮಾ ಅಕ್ಕಾ?" ಎಂದಳು. ನೀವೂನಾ? ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮತ್ತೆ ದೂರು ಕೊಟ್ಟೆ. ಮಂಗಳವಾರ ಎಂಜಿನಿಯರ್ ಸಾಹೇಬರು ಮನೆಗೇ ಬಂದರು.

"ಅಕ್ಕಾ, ನಾಳೆ ರಿವ್ಯೂ ಮೀಟಿಂಗು. ಪೆಂಡಿಂಗ್ ಇದ್ರೆ ನಮ್ ವಾರ್ಡು ಲಿಸ್ಟಲ್ಲಿ ಕೆಂಪಾಗಿ ಬತ್ತದೆ. ಒಟಿಪಿ ಹೇಳ್ಬಿಡಿ, ಸ್ಲ್ಯಾಬು ಮುಂದಿನ ವಾರ ಹಾಕಿಸ್ತೀನಿ."

"ಮೊದಲು ಹಾಕ್ಸಿ."

"ನಮ್ಮೋರೇ ಹಿಂಗಂದ್ರೆ ಹೆಂಗಕ್ಕಾ?"

"ಸೆಲ್ವಿ ಯಾರೋರು?"

ಅವರು ಕಾಫಿ ಲೋಟ ಕೆಳಗಿಟ್ಟರು. "ಮೇಲಿನೋರು ಸ್ಲ್ಯಾಬ್ ಹಾಕಿದ್ಯಾ ಅಂತ ಕೇಳಲ್ಲ ಅಕ್ಕಾ. ಎಷ್ಟು ಹಸಿರು ಅಂತ ಕೇಳ್ತಾರೆ."

ಪಾಪ, ಸುಳ್ಳಲ್ಲ. ಕಚೇರಿಗಳ ಪರ್ಫಾರ್ಮೆನ್ಸ್ ಅಳೆಯುತ್ತಾರಂತೆ. ಅಳೆಯಲಿ. ಆದರೆ ಅಳತೆಗೋಲನ್ನು ನಮ್ಮ ಕೈಗೇ ಕೊಟ್ಟಾಗ ದಾಕ್ಷಿಣ್ಯಕ್ಕೆ ಅದನ್ನು ಬಗ್ಗಿಸಿದ್ದು ಯಾರು? ನಾನು. ಎಂ.ಎ. ಓದಿದ ನಾನು.

ಒಟಿಪಿ ಕೊಡಲಿಲ್ಲ. ಬುಧವಾರ ವಾರ್ಡು ಕೆಂಪಾಯಿತಂತೆ. ಒಂದು ದೂರಿಗೆ ಇಷ್ಟು ಹಟವೇ ಎಂದು ಅಪಾರ್ಟ್‌ಮೆಂಟಿನವರು ಕೇಳುತ್ತಿದ್ದಾರೆ. ಹೌದು, ಇಷ್ಟು ಹಟವೇ. ಪ್ಲಾಸ್ಟರ್ ಬಿಚ್ಚಿದ ಮೇಲೆ ಸೆಲ್ವಿ ಬರಬೇಕಾದದ್ದು ಇದೇ ದಾರಿಯಲ್ಲಿ.

ಸುಳ್ಳು ಹಸಿರಿನ ಮೇಲೆ ಅವಳಿಗೆ ಗಾಡಿ ತಳ್ಳಲಾಗುತ್ತದೆಯೇ?